ಪಾರ್ಕು ಬೇಡವೆಂದ ವಾಮನಣ್ಣ

ವಾಮನಣ್ಣ ತಮ್ಮ ಮನೆಯ ಬೀಗ ತೆಗೆಯುವ ಮುಂಚೆ ತಮ್ಮದೇ ಮನೆಯ ಬೆಲ್ ಒತ್ತುತ್ತಿದ್ದರು. ಒತ್ತಿ, ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿಕೊಂಡು ಕಿವಿಗೊಟ್ಟು ನಿಲ್ಲುತ್ತಿದ್ದರು. ಒಳಗಿನಿಂದ ಯಾರೂ ಬರಲಿಲ್ಲ ಎಂಬುದು ಖಾತ್ರಿಯಾದ ಮೇಲೆಯೇ ಕೀಲಿ ತಿರುಗಿಸುವುದು. ಆ ಮನೆಯಲ್ಲಿ ಇದ್ದದ್ದು ಅವರೊಬ್ಬರೇ. ಹೆಂಡತಿ ಮಕ್ಕಳು ಕಾರ್ಕಳದಲ್ಲಿದ್ದರು. ಅದೇ ಮಹಡಿಯ ಎದುರು ಮನೆಗೆ ಹೊಸದಾಗಿ ಬಂದಿದ್ದ ನಾನು ಇದನ್ನು ದಿನಾ ಸಂಜೆ ನೋಡಿ ನೋಡಿ, ಈ ಮನುಷ್ಯನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಗಾಬರಿಯಾಗಿ, ಒಂದು ದಿನ ಕೇಳಿಯೇಬಿಟ್ಟೆ.

"ಒಳಗೆ ಯಾರಾದ್ರೂ ಹೊಕ್ಕಿದ್ರೆ ಓಡಿಹೋಗ್ಲಿ ಅಂತ," ಎಂದರು ವಾಮನಣ್ಣ. "ಎದುರಾಬದುರು ಸಿಕ್ಕಿದ್ರೆ ಅವನಿಗೂ ಮರ್ಯಾದೆ ಹೋಗ್ತದೆ, ನನಗೂ ಹೋಗ್ತದೆ. ಎಂತಕ್ಕೆ ಮಾರಾಯ್ರೆ?"

"ಮೂರನೇ ಮಹಡಿಯಿಂದ ಅವನು ಎಲ್ಲಿಗೆ ಓಡ್ತಾನೆ?" ಎಂದೆ.

"ಅದು ಅವನ ತಲೆಬಿಸಿ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡು ಚಿಲಕ ಬಿದ್ದ ಸದ್ದು ಕೇಳಿಸಿತು.

ಇದು ತೊಂಬತ್ತರ ದಶಕದ ನಡುವಿನ ಮಾತು. ದುಬೈನ ಅಲ್ ಕುಸೈಸಿನಲ್ಲಿ ಒಬ್ಬನೇ ಅರಬ್ಬಿ ಮಾಲೀಕನ ಎರಡು ಕಟ್ಟಡಗಳು ಎದುರುಬದುರಾಗಿ ನಿಂತಿದ್ದವು. ನಡುವೆ ಮರಳಿನ ಖಾಲಿ ಜಾಗ, ಅದರ ಮೂಲೆಯಲ್ಲೊಂದು ಹಾಳುಬಿದ್ದ ಗೋದಾಮು. ನಾವು ಮೈಸೂರಿನವರು. ಅಲ್ಲಿ ನೆರೆಹೊರೆಯವರೆಲ್ಲ ಹೆಚ್ಚಾಗಿ ಉಡುಪಿ, ಮಂಗಳೂರು ಕಡೆಯವರು. "ಎಂತ", "ಉಂಟು" ಎನ್ನುವುದನ್ನು ನಾನು ಕಲಿತದ್ದು ದುಬೈಗೆ ಬಂದ ಮೇಲೆ ಎಂದರೆ ನಮ್ಮೂರಿನವರು ಈಗಲೂ ನಗುತ್ತಾರೆ.

ವಾಮನಣ್ಣ ಬರ್ ದುಬೈನ ಬಟ್ಟೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಬಟ್ಟೆಯ ಅಂಚನ್ನು ಬೆಳಕಿಗೆ ಹಿಡಿದು, ಎರಡು ಬೆರಳಲ್ಲಿ ಉಜ್ಜಿ ನೋಡುವುದು ಅವರ ಕಸುಬು. ಮನುಷ್ಯರನ್ನೂ ಹಾಗೆಯೇ ಉಜ್ಜಿ ನೋಡುತ್ತಿದ್ದರು. ಗಣೇಶನ ಹಬ್ಬಕ್ಕೆ ಒಂದು ತಟ್ಟೆ ಕಡುಬು ಕೊಟ್ಟರೆ, ತಟ್ಟೆ ಈಸಿಕೊಳ್ಳುವ ಮೊದಲು "ನೀವು ತಿಂದಾಯ್ತಾ?" ಎಂದು ಕೇಳಿದರು. ಸಂಜೆ ತೊಳೆದ ತಟ್ಟೆ ವಾಪಸು ತಂದು, "ಲಾಯ್ಕ ಇತ್ತು. ಆದ್ರೆ ಎಂತಕ್ಕೆ ಕೊಟ್ಟದ್ದು?" ಎಂದರು. ಹಬ್ಬ ಎಂದೆ. "ಹಬ್ಬ ಎಲ್ರಿಗೂ ಉಂಟು, ನನಗೆ ಮಾತ್ರ ಯಾಕೆ ಕೊಟ್ಟದ್ದು?" ನನಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ವರ್ಷ ಕೊಡಬಾರದು ಎಂದುಕೊಂಡೆ, ಆದರೂ ಕೊಟ್ಟೆ.

ಇದೇ ಮನುಷ್ಯ, ನಮ್ಮ ಯಜಮಾನರು ಕೆಲಸದ ಮೇಲೆ ಅಬುಧಾಬಿಗೆ ಹೋಗಿದ್ದಾಗ ಮಗ ಚೇತನನಿಗೆ ಜ್ವರ ಏರಿದರೆ, ಅಂಗಡಿಗೆ ರಜೆ ಹಾಕಿ ನನ್ನ ಜೊತೆ ಕ್ಲಿನಿಕ್ಕಿಗೆ ಬಂದರು. ಬಂದದ್ದು ದೊಡ್ಡ ಉಪಕಾರ. ಆದರೆ ಕೂತ ಕೂಡಲೇ ಡಾಕ್ಟರನ್ನು "ನೀವು ಡಾಕ್ಟ್ರೇ ಹೌದಲ್ಲ?" ಎಂದು ಕೇಳಿ, ಆ ಪುಣ್ಯಾತ್ಮ ಗೋಡೆಯ ಮೇಲಿನ ಸರ್ಟಿಫಿಕೇಟಿಗೆ ಬೆರಳು ತೋರಿಸಿದರೆ, ಎದ್ದುಹೋಗಿ ಹತ್ತಿರದಿಂದ ಓದಿ ಬಂದರು. ಗ್ಲೂಕೋಸ್ ಬಾಟಲಿ ಖಾಲಿಯಾಗುವವರೆಗೂ ಅದರ ಮೇಲಿನ ಕಣ್ಣು ತೆಗೆಯದೆ ಅವರು ಮಗುವಿನ ಕಾಲ ಬಳಿ ಕೂತಿದ್ದರು. ಜ್ವರ ಬಿಟ್ಟ ಚೇತನ್ ಮನೆಗೆ ಬಂದು ಮೊದಲು ಆಡಿದ ಮಾತು, "ಮಮ್ಮಿ, ಅಂಕಲ್ ಈಸ್ ರಿಂಗಿಂಗ್ ಹಿಸ್ ಓನ್ ಬೆಲ್ ಅಗೇನ್!"

ಪಾರ್ಕಿನ ಕತೆ ಶುರುವಾದದ್ದೂ ಚೇತನನಿಂದಲೇ. ಮಕ್ಕಳು ಆ ಮರಳಿನಲ್ಲಿ, ನಿಲ್ಲಿಸಿದ ಕಾರುಗಳ ಸಂದಿಯಲ್ಲಿ ಆಡಿಕೊಳ್ಳುತ್ತಿದ್ದವು. ಒಂದು ಸಂಜೆ ನೀರಿನ ಟ್ಯಾಂಕರ್ ಹಿಂದಕ್ಕೆ ಬರುತ್ತಾ ಚೇತನನ ಚೆಂಡಿನ ಮೇಲೆ ಹಾಯಿತು. ಚೆಂಡು ಒಡೆದ ಸದ್ದಿಗೆ ಬಾಲ್ಕನಿಯಿಂದ ಬಗ್ಗಿದರೆ, ಅವನು ಚಕ್ರದ ಪಕ್ಕದಲ್ಲೇ ನಿಂತಿದ್ದಾನೆ. ನಾನು ಮೆಟ್ಟಿಲಿಳಿದು ಓಡಿದ್ದು ಹೇಗೆಂದು ಈಗಲೂ ನೆನಪಿಲ್ಲ. ಆ ಜಾಗಕ್ಕೊಂದು ಬೇಲಿ ಆಗುವವರೆಗೆ ನನಗೆ ನಿದ್ದೆಯಿಲ್ಲ ಎಂದು ಅಂದೇ ಹಟ ಹಿಡಿದೆ.

ಕೆಳಗಿನ ಮನೆಯ ಪ್ರಭಾಕರ ರಾಯರು ಬೆಂಗಳೂರಿನ ಇಂಜಿನಿಯರು, ನಾಲ್ಕು ಜನರನ್ನು ಸೇರಿಸುವುದೆಂದರೆ ಅವರಿಗೆ ಹಬ್ಬ. ಅವರೇ ಹೋಗಿ ಮಾಲೀಕರ ಹತ್ತಿರ ಮಾತಾಡಿ ಬಂದರು. ಮರಳಿನ ಜಾಗಕ್ಕೆ ಬೇಲಿ ಹಾಕಿ, ಬೇವಿನ ಗಿಡ, ಉಯ್ಯಾಲೆ, ಜಾರುಬಂಡೆ ಮಾಡಿಸುವುದು; ಗೋದಾಮನ್ನು ರಿಪೇರಿ ಮಾಡಿಸಿ ಎಲ್ಲರಿಗೂ ಒಂದು ಹಾಲ್ ಮಾಡಿಕೊಡುವುದು; ಅದರ ಖರ್ಚಿಗೆ ಪ್ರತಿ ಮನೆಯ ಬಾಡಿಗೆ ಸ್ವಲ್ಪ ಏರುವುದು. ಒಂದೇ ಷರತ್ತು. ಅರ್ಧಕ್ಕಿಂತ ಹೆಚ್ಚು ಮನೆಗಳು ಬೇಕು ಎನ್ನಬೇಕು. ರಾಯರು ತರುವ ಸಹಿಗಳನ್ನು ಮಾಲೀಕ ನಂಬುವುದಿಲ್ಲವಂತೆ. ಶುಕ್ರವಾರ ಅವನ ಮ್ಯಾನೇಜರೇ ಮನೆಮನೆಗೆ ಬಂದು ಬೇಕೋ ಬೇಡವೋ ಕೇಳಿಕೊಂಡು ಹೋಗುತ್ತಾನಂತೆ.

ರಾಯರ ಮನೆಯಲ್ಲಿ ಮೀಟಿಂಗು. ಎಲ್ಲರೂ ಖುಷಿಯಲ್ಲಿದ್ದಾಗ ವಾಮನಣ್ಣ ಗಂಟಲು ಸರಿಮಾಡಿಕೊಂಡರು.

"ಜಾಗ ಅವರದ್ದು, ಬೇಲಿ ಅವರದ್ದು, ಹಣ ಮಾತ್ರ ನಮ್ಮದು. ನಾಳೆ ವೀಸಾ ಮುಗಿದು ಹೋಗುವಾಗ ಉಯ್ಯಾಲೆ ಮಡಚಿ ಸೂಟ್‌ಕೇಸಲ್ಲಿ ಹಾಕಿಕೊಂಡು ಹೋಗ್ಲಿಕ್ಕೆ ಆಗ್ತದಾ?"

"ನಿಮ್ಮ ಮಕ್ಕಳು ಇಲ್ಲಿ ಆಡೋದಿಲ್ವಲ್ಲ, ಅದಕ್ಕೇ ಹೀಗೆ ಮಾತಾಡ್ತೀರಿ!" ಎಂದೆ ನಾನು. ಬಾಯಿಂದ ಬಂದೇಬಿಟ್ಟಿತು.

ವಾಮನಣ್ಣ ತಲೆಯಾಡಿಸಿದರು. "ಅದೂ ಸರಿಯೇ," ಎಂದರು. "ಆದ್ರೆ ಒಂದು ಹೇಳಿ. ಬೇಕಾ ಬೇಡ್ವಾ ಕೇಳ್ಲಿಕ್ಕೆ ಕೆಳಗೆ ಒಂದು ಮೇಜು ಹಾಕಿ ಕೂತ್ರೆ ಸಾಲದಾ? ಮನೆಬಾಗಿಲಿಗೆ ಎಂತಕ್ಕೆ ಬರುದು? ಚಪ್ಪಲಿ ಲೆಕ್ಕ ಹಾಕ್ಲಿಕ್ಕೆ ಬರುದು ಅವ."

ಮೊದಲು ಎಲ್ಲರೂ ನಕ್ಕೆವು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದೆವು. ಏಕೆಂದರೆ ನಮ್ಮ ಕಟ್ಟಡದಲ್ಲಿ ಎಷ್ಟೋ ಮನೆಗಳಲ್ಲಿ ಶೇರಿಂಗ್ ಇತ್ತು. ಕರಾರು ಒಬ್ಬರ ಹೆಸರಲ್ಲಿ, ಒಳಗೆ ಎರಡು ಸಂಸಾರ. ನಮ್ಮ ಮನೆಯ ಒಂದು ಕೋಣೆಯಲ್ಲಿಯೂ ಬಂಟ್ವಾಳದ ಹರೀಶ, ಲೀಲಾ ಮತ್ತವರ ಕೂಸು ಇದ್ದರು. ಅವರಿಲ್ಲದೆ ನಮಗೆ ಬಾಡಿಗೆ ಕಟ್ಟಲಾಗುತ್ತಿರಲಿಲ್ಲ, ನಾವಿಲ್ಲದೆ ಅವರಿಗೆ ದುಬೈನಲ್ಲಿ ಸೂರಿರಲಿಲ್ಲ. ಕರಾರಿನಲ್ಲಿ ಶೇರಿಂಗಿಗೆ ಅವಕಾಶವಿಲ್ಲ. ಗೊತ್ತಾದರೆ ಎರಡೂ ಸಂಸಾರ ಬೀದಿಗೆ. ಮನೆಯೊಳಗೆ ಜನರನ್ನು ಅಡಗಿಸಬಹುದು, ನಮ್ಮವರ ಬಾಗಿಲ ಮುಂದೆ ಬಿಟ್ಟಿರುವ ಚಪ್ಪಲಿಗಳೇ ಎಲ್ಲ ಹೇಳಿಬಿಡುತ್ತವೆ.

ಈ ಮಾತು ವಾಮನಣ್ಣನಿಗೆ ಹೇಗೆ ಹೊಳೆಯಿತು? ಅವರು ಹೋದ ಮೇಲೆ ಅದೇ ಚರ್ಚೆ. ಲಿಫ್ಟಿನ ಹತ್ತಿರ ಮ್ಯಾನೇಜರ್ ಜೊತೆ ಮಾತಾಡುತ್ತಿದ್ದುದನ್ನು ಕಂಡೆ ಎಂದರು ಒಬ್ಬರು. ಒಬ್ಬನೇ ಮನುಷ್ಯ ಇಡೀ ಮನೆ ಹೇಗೆ ಇಟ್ಟುಕೊಂಡಿದ್ದಾನೆ, ಮಾಲೀಕನ ಕಡೆಯವನೇ ಇರಬೇಕು ಎಂದರು ಇನ್ನೊಬ್ಬರು. ನನಗೂ ಹಾಗೇ ಅನ್ನಿಸಿತು. ಅವರಿಗೆ ಏನೂ ಹೇಳಕೂಡದು ಎಂದು ತೀರ್ಮಾನವಾಯಿತು.

ನಮ್ಮ ಉಪಾಯ ಇಷ್ಟೇ. ಶುಕ್ರವಾರ ಬೆಳಗ್ಗೆ ಶೇರಿಂಗಿನವರೆಲ್ಲ ಬರ್ ದುಬೈನ ದೇವಸ್ಥಾನಕ್ಕೆ ಹೋಗಿಬಿಡುವುದು. ಅವರ ಉಳಿದ ಚಪ್ಪಲಿ, ಶೂಗಳನ್ನು ಚೀಲಕ್ಕೆ ತುಂಬಿ ನಾವು ಟೆರೇಸಿಗೆ ಸಾಗಿಸುವುದು. "ಅಷ್ಟು ತಾಪತ್ರಯ ಎಂತಕ್ಕೆ ಅಕ್ಕ, ಒಳಗೆ ಮಂಚದಡಿ ತಳ್ಳಿದ್ರೆ ಆಯ್ತಲ್ಲ?" ಎಂದಳು ಲೀಲಾ. "ಚಪ್ಪಲಿ ಒಳಗೆ ತರೋದಾ! ದೇವರ ಗೂಡು ಬಾಗಿಲ ಪಕ್ಕದಲ್ಲೇ ಇದೆ!" ಎಂದು ನಾನು ಕೂಗಿದೆ. ಎಲ್ಲ ಮನೆಯ ಹೆಂಗಸರೂ ಹಾಗೆಯೇ ಕೂಗಿದರಂತೆ. ಮನೆ ಹೋದರೂ ಚಿಂತೆಯಿಲ್ಲ, ಮೈಲಿಗೆ ಆಗಬಾರದು. ನಮ್ಮ ಬುದ್ಧಿಗೆ ಏನು ಹೇಳಬೇಕು!

ಶುಕ್ರವಾರ ಚೀಲ ಹಿಡಿದು ಮೇಲೆ ಹೋದರೆ ಟೆರೇಸಿಗೆ ಬೀಗ. ಮ್ಯಾನೇಜರ್ ಬರುತ್ತಾನೆಂದು ವಾಚ್‌ಮನ್ ಬೀಗ ಜಡಿದು, ಕೀಲಿಯ ಸಮೇತ ಅವನ ಹಿಂದೆ ಕೆಳಗೆ ನಿಂತಿದ್ದ. ಕೆಳಗಿನ ಮಹಡಿಯಲ್ಲಿ ಆಗಲೇ ಬಾಗಿಲು ತಟ್ಟುವ ಸದ್ದು. ಹೆಂಗಸರೆಲ್ಲ ಚೀಲಗಳ ಸಮೇತ ನಮ್ಮ ಮೂರನೇ ಮಹಡಿಯಲ್ಲಿ, ಏನು ಮಾಡಬೇಕೆಂದು ತೋಚದೆ ನಿಂತೆವು. ಆಗ ವಾಮನಣ್ಣನ ಬಾಗಿಲು ತೆರೆಯಿತು.

"ಎಂತ ಇದು, ಸಂತೆಯಾ?" ಎಂದರು. ಒಂದು ಚೀಲದ ಬಾಯಿ ಬಿಡಿಸಿ ನೋಡಿದರು. ನಮ್ಮೆಲ್ಲರ ಮುಖ ನೋಡಿದರು. "ನನಗೆ ಹೇಳ್ಲಿಲ್ಲ ಅಲ್ವಾ? ಒಳ್ಳೇದು ಮಾಡಿದ್ರಿ. ನಾನಾದ್ರೂ ಹೇಳ್ತಿರ್ಲಿಲ್ಲ."

ಅಷ್ಟು ಹೇಳಿ ಚೀಲಗಳನ್ನು ಒಂದೊಂದಾಗಿ ಕಿತ್ತುಕೊಂಡು ತಮ್ಮ ಬಾಗಿಲ ಮುಂದೆ ಸುರಿದರು.

"ಅಯ್ಯೋ, ಮ್ಯಾನೇಜರ್ ನೋಡ್ತಾನೆ! ಒಳಗಾದ್ರೂ ಹಾಕ್ಕೊಳ್ಳಿ!" ಎಂದೆ.

"ನನ್ನ ದೇವರೂ ಬಾಗಿಲ ಹತ್ರವೇ ಇರುದು," ಎಂದರು. "ನೋಡ್ಲಿ. ಒಳಗೆ ಬಂದೂ ನೋಡ್ಲಿ. ಎರಡನೇ ಚಾಪೆ ಸಹ ಇಲ್ಲ ನನ್ನ ಮನೆಯಲ್ಲಿ. ನೀವು ಹೋಗಿ, ಹೋಗಿ."

ಮ್ಯಾನೇಜರ್ ಮೊದಲು ನಮ್ಮ ಬಾಗಿಲಿಗೆ ಬಂದ. ಅವನ ಕಣ್ಣು ಹೋದದ್ದು ನೇರವಾಗಿ ನೆಲದ ಮೇಲೆ. ವಾಮನಣ್ಣ ಹೇಳಿದ್ದು ಸುಳ್ಳಲ್ಲ. ನಾನು ಬೇಕು ಎಂದೆ. ಆಮೇಲೆ ಅವನು ಎದುರು ಬಾಗಿಲಿಗೆ ತಿರುಗಿ, ಹಾಗೇ ನಿಂತುಬಿಟ್ಟ. ಗಂಡಸರದ್ದು, ಹೆಂಗಸರದ್ದು, ಕೂಸುಗಳದ್ದು, ಹಳೆಯವು, ಹೊಸವು. ಮದುವೆ ಮನೆಯ ಮುಂದೆ ಇದ್ದ ಹಾಗಿತ್ತು. ಅವನು ಬಗ್ಗಿ ಲೀಲಾಳ ಎತ್ತರದ ಹಿಮ್ಮಡಿಯ ಚಪ್ಪಲಿ ಎತ್ತಿಕೊಂಡ.

"ಯೇ ಕಿಸ್‌ಕಾ ಹೈ?"

"ಮೇರಾ," ಎಂದರು ವಾಮನಣ್ಣ.

"ಸಬ್?"

"ಸಬ್. ಅಕೇಲಾ ಆದ್ಮಿ, ಚಪ್ಪಲ್ ಕಾ ಶೌಕ್ ಹೈ."

ಒಂಟಿ ಗಂಡಸು, ಚಪ್ಪಲಿಯ ಹುಚ್ಚಂತೆ! ಆ ಭಯದಲ್ಲೂ ನನಗೆ ನಗು ಒತ್ತರಿಸಿ ಬಂತು. ಮ್ಯಾನೇಜರ್ ಒಳಗೆ ಹೋಗಿ ಕೋಣೆ ಕೋಣೆ ಹುಡುಕಿ, ಬರಿಗೈಲಿ ಬಂದು, ಸಿಟ್ಟಿನಿಂದ ಪಾರ್ಕು ಬೇಕೋ ಬೇಡವೋ ಎಂದು ಕೇಳಿದ. "ನಹೀ ಚಾಹಿಯೇ," ಎಂದರು ವಾಮನಣ್ಣ ಗಟ್ಟಿಯಾಗಿ. ಅವನ ಜೊತೆ ಮನೆಮನೆ ಸುತ್ತುತ್ತಿದ್ದ ರಾಯರು ಹಣೆ ಚಚ್ಚಿಕೊಂಡರು.

ಬೇಕು ಎಂದ ಮನೆಗಳೇ ಹೆಚ್ಚಾದವು. ನಾವು ಗೆದ್ದೆವು. ಒಂದೇ ಒಂದು ಶೇರಿಂಗ್ ಮನೆಯೂ ಸಿಕ್ಕಿಬೀಳಲಿಲ್ಲ. ಸಿಕ್ಕಿಬಿದ್ದದ್ದು ವಾಮನಣ್ಣ ಮಾತ್ರ. ಆ ಚಪ್ಪಲಿ ರಾಶಿ ನೋಡಿ ಮಾಲೀಕನ ಕಡೆಯವರು, ಸಂಸಾರಗಳಿರುವ ಕಟ್ಟಡದಲ್ಲಿ ಈತ ಊರವರಿಗೆಲ್ಲ ಹಾಸಿಗೆ ಬಾಡಿಗೆಗೆ ಕೊಡುತ್ತಾನೆ ಎಂದು ತೀರ್ಮಾನಿಸಿ, ಈ ವರ್ಷದ ಕರಾರು ಮುಗಿದ ಮೇಲೆ ಮನೆ ಖಾಲಿ ಮಾಡಬೇಕು ಎಂದು ತಿಳಿಸಿದರು.

ಸುದ್ದಿ ಕೇಳಿದ ದಿನವೇ ನಾನೂ ನಮ್ಮ ಯಜಮಾನರೂ ಅವರ ಮನೆಗೆ ಹೋದೆವು. ಮ್ಯಾನೇಜರಿಗೆ ನಿಜ ಹೇಳಿಬಿಡುತ್ತೇವೆ ಎಂದೆವು. ಅವರು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಎಂತಕ್ಕೆ? ನನ್ನ ಮೇಲೆ ಉಪಕಾರದ ಭಾರ ಹೊರಿಸ್ಲಿಕ್ಕಾ?"

"ಭಾರ ನಮ್ಮ ಮೇಲಿದೆ ವಾಮನಣ್ಣ," ಎಂದರು ಇವರು.

"ನೀವು ಹೇಳಿದ್ರೆ ನನ್ನ ಮನೆ ವಾಪಸ್ ಬರುದಿಲ್ಲ, ನಿಮ್ಮದೂ ಹೋಗ್ತದೆ, ಆ ಲೀಲಾಂದೂ ಹೋಗ್ತದೆ. ಖಲಾಸ್. ನನಗೆ ಒಬ್ಬನಿಗೆ ಎಂತ, ನೈಫ್ ಏರಿಯಾದಲ್ಲಿ ಅಂಗಡಿಯವರ ರೂಮು ಉಂಟು." ಹೀಗೆಂದು ಬಾಗಿಲವರೆಗೆ ಬಂದು, ನನ್ನ ಕಡೆ ತಿರುಗಿ, "ಹೇಳುದಿಲ್ಲ ಅಂತ ಮಗನ ಮೇಲೆ ಆಣೆ ಹಾಕಿ," ಎಂದರು. ಕೊನೆಗೂ ನನ್ನ ಮಾತು ನಂಬಲಿಲ್ಲ ಅವರು. ನಾನು ಅಳುತ್ತಲೇ ಆಣೆ ಹಾಕಿದೆ.

ಕರಾರು ಮುಗಿದು ವಾಮನಣ್ಣ ಮನೆ ಖಾಲಿ ಮಾಡಿ ಹೋದರು. ಮುಂದಿನ ಚಳಿಗಾಲದಲ್ಲಿ ಪಾರ್ಕು ಮುಗಿಯಿತು. ಹಸಿರು ಬಣ್ಣದ ಕಬ್ಬಿಣದ ಬೇಲಿ, ಎರಡು ಉಯ್ಯಾಲೆ, ಮೊಣಕಾಲೆತ್ತರದ ಬೇವಿನ ಗಿಡಗಳು. ಗೋದಾಮು ಹಾಲ್ ಆಗಿ, ಅಲ್ಲಿ ಹುಟ್ಟುಹಬ್ಬ, ಭಜನೆ, ಮಕ್ಕಳ ಕನ್ನಡ ಪಾಠ ಎಲ್ಲ ನಡೆಯತೊಡಗಿದವು. ಒಂದು ಶುಕ್ರವಾರ ಸಂಜೆ ಚೇತನನನ್ನು ಉಯ್ಯಾಲೆಯಲ್ಲಿ ತೂಗುತ್ತಿದ್ದಾಗ ಗೇಟಿನ ಹತ್ತಿರ ಮಾತು ಕೇಳಿಸಿತು. ನೋಡಿದರೆ ವಾಮನಣ್ಣ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಸ್ವಲ್ಪ ಇಳಿದುಹೋಗಿದ್ದರು. ಹೊಸ ವಾಚ್‌ಮನ್ ಅವರನ್ನು ತಡೆದು ಯಾವ ಮನೆಯವರು, ನಂಬರ್ ಏನು ಎಂದು ಕೇಳುತ್ತಿದ್ದ. ಇಲ್ಲಿಯ ಬಾಡಿಗೆದಾರರಿಗೆ ಮಾತ್ರ ಪ್ರವೇಶ ಎಂಬ ಬೋರ್ಡು ಅವನ ತಲೆಯ ಮೇಲೇ ಇತ್ತು.

ನಾನು ಓಡಿಹೋದೆ. "ಬಿಡಪ್ಪ, ಇವರು ನಮ್ಮೋರು!" ಎಂದು ಹಿಂದಿಯಲ್ಲಿ ಅವನಿಗೆ ಜೋರು ಮಾಡಿದೆ.

"ಅವನಿಗೆ ಬೈಬೇಡಿ," ಎಂದರು ವಾಮನಣ್ಣ. "ಸರಿಯಾಗಿ ಮಾಡ್ತಾ ಇದ್ದಾನೆ. ಕಂಡ ಕಂಡವರನ್ನು ನಂಬಿದ್ರೆ ಮಕ್ಕಳ ಗತಿ ಎಂತ?" ಬೇಲಿಯ ಕಂಬಿಯೊಂದನ್ನು ಹಿಡಿದು ಅಲುಗಾಡಿಸಿ ನೋಡಿದರು. ಅದು ಅಲುಗಲಿಲ್ಲ. "ಗಟ್ಟಿ ಉಂಟು," ಎಂದರು, ಒಲ್ಲದ ಮನಸ್ಸಿನಿಂದ.

ನಾನು ಗೇಟು ಪೂರ್ತಿ ತೆರೆದು ಹಿಡಿದೆ. "ಬನ್ನಿ ಒಳಗೆ. ನಿಮ್ಮಿಂದಲೇ ಆಗಿದ್ದು ಇದು. ಚೇತನ್ ಇದಾನೆ, ಬನ್ನಿ."

"ಇಲ್ಲ. ನಾನು ಬೇಡ ಅಂತ ಹೇಳಿದವ. ಈಗ ಒಳಗೆ ಬಂದು ಕೂತ್ರೆ ನ್ಯಾಯ ಆಗುದಿಲ್ಲ."

"ಏನ್ರೀ ನಿಮ್ಮ ನ್ಯಾಯ! ಸುಮ್ನೆ ಬನ್ನಿ ಅಂದ್ರೆ!" ನನಗೆ ಸಿಟ್ಟು ಬಂತು, ಅಳುವೂ ಬಂತು.

ಅವರು ಹೊರಗೇ ನಿಂತು ಚೇತನನತ್ತ ಕೈ ಬೀಸಿದರು. ಅವನು ಉಯ್ಯಾಲೆಯಲ್ಲಿ ಮೇಲಕ್ಕೂ ಕೆಳಕ್ಕೂ ಹೋಗುತ್ತಾ ಕೈ ಬೀಸಿದ. ಅವನು ಬೀಸಿದ್ದು ತಮಗೇ ಹೌದೋ ಎಂದು ಒಮ್ಮೆ ಹಿಂದೆ ತಿರುಗಿ ನೋಡಿ, ಯಾರೂ ಇಲ್ಲದ್ದು ಕಂಡು, ಸ್ವಲ್ಪ ನಕ್ಕರು. ಆಮೇಲೆ ಬಸ್ ಸ್ಟಾಪಿನ ಕಡೆ ನಡೆದರು. ಅವರನ್ನು ನಾನು ನೋಡಿದ್ದು ಅದೇ ಕೊನೆ. ವಾಚ್‌ಮನ್ ಬಂದು "ಮುಚ್ಚಲಾ ಮೇಡಂ?" ಎಂದು ಕೇಳುವವರೆಗೂ ನಾನು ಆ ಗೇಟನ್ನು ತೆರೆದು ಹಿಡಿದುಕೊಂಡೇ ನಿಂತಿದ್ದೆ.