ಕೆಂಡದ ಚಿಪ್ಪು

ಸ್ಟೌ ಹಚ್ಚಲು ಕಡ್ಡಿ ಗೀರಿದೆ. ಆ ಗಂಧಕದ ವಾಸನೆಗೆ ಇವತ್ತು ಯಾಕೋ ಕೈ ಅಲ್ಲೇ ನಿಂತಿತು. ಬೆರಳಿಗೆ ಬಿಸಿ ತಾಗಿದ ಮೇಲೇ ಎಚ್ಚರ. ಸಾಗರದ ನಮ್ಮ ಓಣಿಯ ಮಿಲಿಟರಿ ಮಾವ ನೆನಪಾಗಿದ್ದರು...

ಬರ್ಮಾ ಯುದ್ಧದಿಂದ ಕಾಲು ಕುಂಟುತ್ತ ಬಂದವರು. ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದು, ತೆಂಗಿನ ಚಿಪ್ಪಿನ ಸೌಟು ಮಾಡಿ ಸಂತೆಯಲ್ಲಿ ಮಾರುತ್ತಿದ್ದರು. ದಿನಾ ಬೆಳಿಗ್ಗೆ ಅಮ್ಮ ದೋಸೆ ಹುಯ್ಯುವ ಹೊತ್ತಿಗೆ ಹಿತ್ತಿಲ ಬಾಗಿಲಲ್ಲಿ, "ಅಕ್ಕಾ, ಬೆಂಕಿ ಇದ್ಯಾ?" ಅವರು ತಂದ ಚಿಪ್ಪಿಗೆ ಬೂದಿ ಹಾಸಿ ನಾನು ಎರಡು ಕೆಂಡ ಇಟ್ಟುಕೊಡುತ್ತಿದ್ದೆ. ಬೆಂಕಿಪೆಟ್ಟಿಗೆ ಸಿಗದ ಕಾಲ. ಓಣಿಯಲ್ಲಿ ಎಲ್ಲರೂ ಹಾಗೆ ಬೆಂಕಿ ಕೇಳುವವರೇ ಆದ್ದರಿಂದ ಅದು ಯಾರಿಗೂ ವಿಶೇಷ ಅನ್ನಿಸಿರಲಿಲ್ಲ.

ಸೈನ್ಯಕ್ಕೆ ಹೆಸರು ಕೊಟ್ಟು ಬಂದ ದಿನ ಅಣ್ಣ ಎಲ್ಲಿಂದಲೋ ಒಂದು ಬೆಂಕಿಪೆಟ್ಟಿಗೆ ತಂದು ಮಾವನ ಕೈಗಿಟ್ಟ. "ತಗಳಿ ಮಾವ. ಮಿಲಿಟರಿಯೋರು ಚಿಪ್ಪು ಹಿಡ್ಕಂಡು ಭಿಕ್ಷಕ್ಕೆ ಬಂದ್ರೆ ಇನ್ನು ನನಗೂ ಅವಮಾನ!"

ಮಾವ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟರು. "ನಾನು ಕಡ್ಡಿ ಗೀರದಿಲ್ಲ ಮಾರಾಯ."

"ನೀವಾದ್ರೂ ಇವನಿಗೆ ಹೋಗ್ಬೇಡ ಅಂತ ಹೇಳಿ," ಎಂದಳು ಅಮ್ಮ.

ಆಗ ಮಾವ ಹೇಳಿದರು. ಬರ್ಮಾದಿಂದ ಹಿಂದೆ ಸರಿಯುವಾಗ, ಶತ್ರುವಿಗೆ ಸಿಗಬಾರದೆಂದು ಒಂದು ಊರಿನ ಭತ್ತದ ಕಣಜಗಳನ್ನೆಲ್ಲ ಸುಡಲು ಹುಕುಂ ಬಂತಂತೆ. ಕಡ್ಡಿ ಗೀರಿದವರು ಇವರು. ಮಾರನೇ ದಿನ ಮುದುಕಿಯೊಬ್ಬಳು ಬಿಸಿ ಬೂದಿ ಕೆದಕಿ, ಕರಕಾಗದೆ ಉಳಿದ ಭತ್ತ ಹೆಕ್ಕುತ್ತಿದ್ದಳಂತೆ. ಬರಿಗೈಯಲ್ಲಿ...

"ಹುಕುಂ ಸರ್ಕಾರದ್ದು. ನಿಮ್ದೆಂತ ತಪ್ಪು?" ಎಂದ ಅಣ್ಣ.

"ಸರ್ಕಾರಕ್ಕೆ ಕೈ ಇಲ್ವೋ ತಮ್ಮಾ. ಅದಕ್ಕೇ ನಿನ್ನ ಕೈ ಕೇಳ್ತಿರೋದು."

ಅಣ್ಣ ನಕ್ಕ. ಮರುವಾರ ರೈಲು ಹತ್ತಿದ. ಅವನಿಂದ ಎರಡು ಕಾಗದ ಬಂದವು. ಮೂರನೆಯದು ಸರ್ಕಾರದ್ದು. ಇಂಗ್ಲಿಷಿನಲ್ಲಿದ್ದ ಆ ಎರಡು ಸಾಲನ್ನು ಪೋಸ್ಟ್ ಮಾಸ್ತರರು ಓದಿ ಹೇಳುವಾಗ ಅಮ್ಮ ಅಕ್ಕಿ ಆರಿಸುತ್ತಿದ್ದಳು.

ಸೂತಕದ ಮನೆಯಿಂದ ಯಾರೂ ಬೆಂಕಿ ಒಯ್ಯುವುದಿಲ್ಲ. ಅಷ್ಟೂ ದಿನ ಮಾವ ಯಾರ ಮನೆಯ ಬೆಂಕಿ ಒಯ್ದರೋ, ಏನುಂಡರೋ. ಸೂತಕ ಕಳೆದ ಮರುದಿನ ಚಿಪ್ಪು ಹಿಡಿದು ಬಂದು, ಏನೂ ಕೇಳದೆ ಬಾಗಿಲಲ್ಲಿ ನಿಂತರು.

ಅಮ್ಮ ತಲೆ ಎತ್ತಲಿಲ್ಲ. "ಬೆಂಕಿ ಇಲ್ಲ ಅಂತ ಹೇಳು, ಹೋಗು."

ಸರ್ಕಾರದ ಮನೆ ಬಾಗಿಲು ಎಲ್ಲಿದೆಯೆಂದು ಅಮ್ಮನಿಗೇನು ಗೊತ್ತು? ಕೈಗೆ ಸಿಕ್ಕ ಮಿಲಿಟರಿಯವರು ಇವರೊಬ್ಬರೇ. ಒಲೆಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಕಾವಲಿಯ ಮೇಲೆ ದೋಸೆ ಚುಂಯ್ ಎನ್ನುವುದು ಬಾಗಿಲವರೆಗೂ ಕೇಳುತ್ತಿತ್ತು. ನಾನು ಹೋಗಿ, "ಬೆಂಕಿ ಇಲ್ಲ," ಎಂದೆ.

"ಆಗ್ಲಿ ಮಗಾ," ಎಂದು ಖಾಲಿ ಚಿಪ್ಪನ್ನು ಮಗುಚಿ ಹಿಡಿದು ತಿರುಗಿದರು. ಮತ್ತೆ ಬರಲಿಲ್ಲ. ಆ ಬೇಸಿಗೆಯಲ್ಲೇ ಹೊಸನಗರದ ತಂಗಿಯ ಮನೆಗೆ ಹೋದರು. ಅಲ್ಲೇ ತೀರಿಕೊಂಡರೆಂದು ತಿಳಿದಾಗ ವರ್ಷವೇ ಕಳೆದಿತ್ತು.

ಅಮ್ಮ ಹೇಳಿಸಿದ್ದು, ನಾನು ಚಿಕ್ಕವಳು ಎಂದು ಇಷ್ಟು ಕಾಲ ಅಂದುಕೊಂಡು ಬಂದೆ. ಈಗ ಅಮ್ಮನೂ ಇಲ್ಲ. ಸುಟ್ಟ ಬೆರಳನ್ನು ನೀರಿನಲ್ಲಿ ಅದ್ದಿಕೊಂಡು ಕೂತಿದ್ದೇನೆ. ಸ್ಟೌ ಇನ್ನೂ ಹಚ್ಚಿಲ್ಲ. ಬೆಂಕಿ ಇಲ್ಲ ಎಂದ ಬಾಯಿ ಅಮ್ಮನದಾಗಿರಲಿಲ್ಲ...