ಬಿಸಿಲಿಗಿಟ್ಟ ಪೆಟ್ಟಿಗೆ

ಪರ್ತ್ ನಗರದ ಥಾರ್ನ್ಲಿಯಲ್ಲಿ ನಾನು ಊಟಸಹಿತ ಬಾಡಿಗೆಗಿದ್ದ ಮನೆಯ ಒಡತಿ ಮೇಬಲ್ ಆಂಟಿ. ಊರು ಬಂಟ್ವಾಳ. ಹತ್ತೊಂಬತ್ತು ವರ್ಷ ಕುವೈತಿನ ಆಸ್ಪತ್ರೆಯಲ್ಲಿ ದುಡಿದು, ಪರ್ತ್‌ಗೆ ಬಂದ ಮೇಲೆ ವಯಸ್ಸಾದವರ ಮನೆಗೆ ಹೋಗಿ ಅವರನ್ನು ನೋಡಿಕೊಳ್ಳುವ ಕೆಲಸ ಹಿಡಿದಿದ್ದರು. ಯಾರ ಮನೆಯಿಂದಲೂ ಒಂದು ಲಿಂಬೆಹಣ್ಣನ್ನು ಕೂಡ ಕೇಳದೆ ತಂದವರಲ್ಲ.

ಹತ್ತಿರದ ವಿಲೆಟನ್‌ನಲ್ಲಿ ಅವರು ನೋಡಿಕೊಳ್ಳುತ್ತಿದ್ದ ಹಯಾಶಿ ಎಂಬ ಜಪಾನಿ ಅಜ್ಜಿಗೆ ಎಂಬತ್ನಾಲ್ಕು ವರ್ಷ, ಕಣ್ಣು ಮಂಜು. 2014ರ ಜನವರಿಯಲ್ಲಿ ಸೊಂಟದ ಆಪರೇಷನ್ನಿಗೆ ಹೊರಟಾಗ ಅಜ್ಜಿ ರೇಷ್ಮೆ ಬಟ್ಟೆಯಲ್ಲಿ ಕಟ್ಟಿದ ಪೆಟ್ಟಿಗೆಯೊಂದನ್ನು ಆಂಟಿಯ ಕೈಗಿಟ್ಟು, "ನಾನು ಬರುವವರೆಗೆ ನಿನ್ನ ಕಪಾಟಿನಲ್ಲಿರಲಿ, ಬಟ್ಟೆ ಬಿಚ್ಚಬೇಡ," ಎಂದರು. ತೀರಿಹೋದ ಗಂಡನ ಬರವಣಿಗೆಯ ಪೆಟ್ಟಿಗೆ ಅದು. ಮರದ ಹಾಲನ್ನು ಪದರ ಪದರವಾಗಿ ಬಳಿದು ತಂದ ಕಪ್ಪು ಮೆರುಗು. ಮುಚ್ಚಳದ ಮೇಲೆ ಚಿನ್ನದ ಪುಡಿಯಲ್ಲಿ ಹುಲ್ಲು ಮತ್ತು ಚಂದ್ರ. ಒಳಗೆ ಮಸಿ ತೇಯುವ ಕಲ್ಲು, ಕುಂಚ, ನೀರಿನ ಪುಟ್ಟ ಗಿಂಡಿ, ತಳದಲ್ಲಿ ಮಡಿಚಿಟ್ಟ ಹಳೆಯ ಚೀಟಿಗಳು.

ಎರಡು ವಾರದ ಮೇಲೆ ಆಂಟಿ ಕಪಾಟು ಒರೆಸುವಾಗ ಗಂಟಿನಿಂದ ಮುಗ್ಗಲು ವಾಸನೆ ಬಂತು. ಬಂಟ್ವಾಳದಲ್ಲಿ ಮಳೆಗಾಲ ಮುಗಿದೊಡನೆ ಟ್ರಂಕು, ಪುಸ್ತಕ, ಮದುವೆಯ ಸೀರೆ ಎಲ್ಲವನ್ನೂ ಅಂಗಳಕ್ಕೆ ಹಾಕುತ್ತ ಬೆಳೆದ ಕೈ. ಮುಗ್ಗಿದ್ದು ಬಿಸಿಲಿಗೆ ಹೋಗಲೇಬೇಕು. ಬಟ್ಟೆ ಬಿಚ್ಚಿ, ಪೆಟ್ಟಿಗೆ ತೆರೆದು, ಹಿತ್ತಲ ಮೇಜಿನ ಮೇಲಿಟ್ಟು ಕೆಲಸಕ್ಕೆ ಹೋದರು. ಆ ಮೇಜಿನ ಪಕ್ಕದಲ್ಲೇ ಚಹಾ ಕುಡಿದು ನಾನೂ ಎದ್ದು ಹೋದೆ. ಅಂದು ನಲವತ್ತೊಂದು ಡಿಗ್ರಿ. ಸಂಜೆ ನೋಡಿದರೆ ಕಪ್ಪು ಕಂದಿತ್ತು, ಮುಚ್ಚಳದ ತುಂಬ ಕೂದಲೆಳೆಯಂಥ ಬಿರುಕು. ಚಂದ್ರನ ಒಂದು ಚೂರು ಎದ್ದು ಬಂದು ಆಂಟಿಯ ಬೆರಳಿಗಂಟಿತು.

ಫೆಬ್ರವರಿಯಲ್ಲಿ ಅಜ್ಜಿ ಮನೆಗೆ ಮರಳಿದಾಗ ಆಂಟಿ ಅದೇ ಬಟ್ಟೆಯಲ್ಲಿ ಅದೇ ಗಂಟು ಹಾಕಿ, ಬಿಸಿಲಿನ ವಿಷಯ ಎತ್ತದೆ ಒಪ್ಪಿಸಿದರು. ಅಜ್ಜಿ ಗಂಟು ಬಿಚ್ಚಲಿಲ್ಲ. ಎರಡೂ ಕೈಯಲ್ಲಿ ತೆಗೆದುಕೊಂಡು ತಲೆಬಾಗಿದರು. ಮುಂದಿನ ತಿಂಗಳು ಮಗಳ ಜೊತೆಗಿರಲು ಅಡಿಲೇಡಿಗೆ ಹೋದರು.

ಅಜ್ಜಿ ತಲೆಬಾಗಿದ್ದು ಆಂಟಿಯನ್ನು ಒಳಗೇ ತಿಂದಿತು. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂತು; ಮೀನು ಬಿಟ್ಟರು.

"ನೀನು ಬಂಗುಡೆ ಬಿಟ್ರೆ ಪೆಟ್ಟಿಗೆ ಸರಿ ಆಗ್ತದಾ?" ಎಂದರು ಗಂಡ ಲಿಯೋನಾರ್ಡ್ ಅಂಕಲ್, ತಟ್ಟೆಯಿಂದ ಕಣ್ಣೆತ್ತದೆ.

"ಅವರಿಗೆ ಕಣ್ಣು ಕಾಣುದಿಲ್ಲ. ಗೊತ್ತೇ ಆಗ್ಲಿಕ್ಕಿಲ್ಲ."

"ಹಾಗಾದ್ರೆ ಮೀನು ತಿನ್ನು. ಪಾಪ, ಈ ಭೀಮಪ್ಪನಿಗೂ ದಿನಾ ಬೆಂಡೆಕಾಯಿ," ಎಂದು ಅಂಕಲ್ ನನ್ನ ತಟ್ಟೆ ತೋರಿಸಿದರು.

ಆಂಟಿ ನನ್ನ ಕಡೆ ತಿರುಗಿದರು. "ನೀನು ಕಲಿತವ. ನೀನೇ ಹೇಳು ಮಾರಾಯ."

ನಾನು ಗಣಿ ಕಂಪನಿಯವನು. ಕಲ್ಲಿನ ಬಿರುಕು ಗೊತ್ತು, ಇದು ಗೊತ್ತಿರಲಿಲ್ಲ. "ಹೋಗಿ ಹೇಳಿಬಿಡ್ರಿ ಆಂಟಿ," ಅಂದೆ.

ಈಸ್ಟರಿನ ಹಿಂದಿನ ವಾರ ಆಂಟಿ ಒಬ್ಬರೇ ವಿಮಾನ ಹತ್ತಿ, ಅಡಿಲೇಡಿನಲ್ಲಿ ಟ್ರಾಮ್ ಹಿಡಿದು ಆ ಮಗಳ ಮನೆಯಿದ್ದ ಗ್ಲೆನೆಲ್ಗ್ ತಲುಪಿದರು. ಅಜ್ಜಿಯ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದರು. ಅಜ್ಜಿ ಗಂಟು ಬಿಚ್ಚಿ ಮುಚ್ಚಳದ ಮೇಲೆ ಬೆರಳಾಡಿಸಿದರು, ಬಹಳ ಹೊತ್ತು. ಪರವಾಗಿಲ್ಲ ಎಂದು ಮಾತ್ರ ಹೇಳಲಿಲ್ಲ.

"ಬಿಸಿಲಿಗೆ ಯಾಕಿಟ್ಟೆ?"

ಆಂಟಿ ಬಂಟ್ವಾಳದ ಮಳೆಯ ಬಗ್ಗೆ ಹೇಳಿದರು.

ಅಜ್ಜಿ ಕಲ್ಲಿಗೆ ನೀರು ಹನಿಸಿ, ಮಸಿ ತೇದು, ಕುಂಚ ಮುಂದಿಟ್ಟರು. "ಯಾರು ಮಾಡಿದ್ದು, ಯಾರ ಕೈಗೆ ಬಂತು ಅಂತ ಬರೆದ ಚೀಟಿಗಳು ಇದರಲ್ಲಿವೆ. ಇದನ್ನೂ ಬರೆ. ನಿನ್ನ ಭಾಷೆಯಲ್ಲೇ."

ಆಂಟಿ ಕನ್ನಡದಲ್ಲಿ ತಾರೀಖು ಹಾಕಿ ಬರೆದರು: ಬಿಸಿಲಿಗೆ ಇಟ್ಟವಳು ಬಂಟ್ವಾಳದ ಮೇಬಲ್. ಅಜ್ಜಿ ಮಸಿ ಆರುವವರೆಗೆ ಕಾದು, ಚೀಟಿಯನ್ನು ಒಳಗಿಟ್ಟು ಮುಚ್ಚಿದರು.

"ಕ್ಷಮೆ ಸಿಕ್ಕಿತಾ?" ಎಂದು ಅಂಕಲ್ ಮನೆಯಲ್ಲಿ ಕೇಳಿದರು.

"ನಾನು ಕೇಳ್ಲಿಲ್ಲ," ಎಂದರು ಆಂಟಿ. "ಇನ್ನು ನಾನಲ್ಲ ಅಂತ ಹೇಳ್ಲಿಕ್ಕೂ ಇಲ್ಲ. ನನ್ನ ಅಕ್ಷರವೇ ಒಳಗುಂಟು."

ಈಸ್ಟರ್ ದಿನ ಬಂಗುಡೆ ಹುರಿದು ನಮ್ಮಿಬ್ಬರಿಗೂ ಬಡಿಸಿದರು. ತಪಸ್ಸುಕಾಲ ಮುಗಿದಿದ್ದರೂ ತಮ್ಮ ತಟ್ಟೆಗೆ ಹಾಕಿಕೊಳ್ಳಲಿಲ್ಲ.