ಫ್ರಿಜ್ಜಿನಲ್ಲಿ ಎರಡು ದೇಶ

ಎಂಬತ್ತರ ದಶಕದ ಒಂದು ಶನಿವಾರ, ಅಮೆರಿಕದ ಪಾಲೋ ಆಲ್ಟೋದ ನಮ್ಮ ಬಾಡಿಗೆ ಮನೆಯಲ್ಲಿ ಮೊಸರಿನ ಹೆಪ್ಪು ನಿಧನ ಹೊಂದಿತು. ಅಂಗಡಿಯ ಯೋಗರ್ಟಿನಿಂದ ನಮ್ಮೂರಿನಂಥ ಮೊಸರು ಆಗುವುದಿಲ್ಲ. ಹಾಗಾಗಿ ನನ್ನ ರಾತ್ರಿಯೂಟವೂ ಅದರ ಜೊತೆಗೇ ಹೋಯಿತು.

ಮನೆಯಲ್ಲಿದ್ದ ಇನ್ನಿಬ್ಬರು ಕಾನೂನು ಸಂಶೋಧಕರು: ಫ್ರಾನ್ಸಿನ ಲೂಕ್, ಜರ್ಮನಿಯ ಯೋರ್ಗ್. ಯುರೋಪಿನ ಮಾದರಿಯಲ್ಲಿ ಫ್ರಿಜ್ಜಿಗೂ ಅವರು ಒಂದು ಸಮಾನ ಕಾನೂನು ಮಾಡಿದ್ದರು: ಹಳಸಿದ್ದನ್ನು ತೆಗೆಯತಕ್ಕದ್ದು. ಅದರ ಜಾರಿ ಮೇಲಿನ ಶೆಲ್ಫಿನಲ್ಲಿ ಲೂಕನದು, ಕೆಳಗಿನದರಲ್ಲಿ ಯೋರ್ಗನದು.

ಮೇಲಿದ್ದ ನನ್ನ ಹೆಪ್ಪನ್ನು ಲೂಕ್ ಮೂಸಿ ನೋಡಿ ಚೆಲ್ಲಿದ್ದ.

"ಒಂದು ಮಾತು ಕೇಳಬಾರದಿತ್ತೇನಯ್ಯಾ?"

"ನಮ್ಮಲ್ಲಿ ಸರ್ಕಾರ ಮೊದಲು ಕೆಲಸ ಮುಗಿಸುತ್ತೆ. ತಕರಾರು ಆಮೇಲೆ."

ಕೆಳಗಿನ ಶೆಲ್ಫಿನಲ್ಲಿ ಒಂದು ಸೂಪು ಹಸಿರು ಗಡ್ಡ ಬಿಟ್ಟುಕೊಂಡು ಕೂತಿತ್ತು.

"ಇದು ಹಳಸಿಲ್ಲವೋ?" ಎಂದು ಯೋರ್ಗನನ್ನು ಕೇಳಿದೆ.

"ಮಾಲೀಕರ ತಕರಾರಿದೆ. ಅದು ತೀರ್ಮಾನವಾಗೋ ತನಕ ನಮ್ಮಲ್ಲಿ ಮುಟ್ಟೋ ಹಾಗಿಲ್ಲ."

"ಮಾಲೀಕರು ಯಾರು?"

"ನಾನೇ."

"ಯುರೋಪು ಒಂದಾಗ್ತಿದೆ ಅಂತೀರಲ್ಲ, ಮಹರಾಯರೇ!"

"ಕಾನೂನು ಒಂದೇ," ಇಬ್ಬರೂ ಒಟ್ಟಿಗೆ ಹೇಳಿದರು. "ನಡೆಸೋ ರೀತಿ ಅವರವರದು."

ಹತ್ತಿರದ ಊರು ಕ್ಯಾಂಪ್‌ಬೆಲ್‌ನಲ್ಲಿದ್ದ ಉಡುಪಿಯವರ ಮನೆಯಿಂದ ಹೊಸ ಹೆಪ್ಪು ತಂದೆ. ಕೆಳಗಿನ ಶೆಲ್ಫಿನಲ್ಲಿ ಸೂಪಿನ ಪಕ್ಕ ಇಟ್ಟು, ಅದನ್ನು ತೆಗೆಯಬಾರದೆಂದು ಮುಂಚಿತವಾಗಿಯೇ ಯೋರ್ಗನಿಗೆ ತಕರಾರು ಸಲ್ಲಿಸಿದೆ. ನಾನು ಮನೆ ಖಾಲಿ ಮಾಡುವವರೆಗೆ ತಕರಾರು ತೀರ್ಮಾನವಾಗಲಿಲ್ಲ. ಮೊಸರು ದಿನವೂ ಆಯಿತು.